ಆಸರಿ ತರುವ ಗೊಂಬೆ

ಡಿಸೆಂಬರ್ 11, 2024, ಶಿರಸಿ

ನನಗೆ ಮದುವೆಯಾಗಿ ಮೂರು ದಿನ! ಮೂರೇ ದಿನ! ಬೆಳಿಗ್ಗೆ ಎದ್ದವಳು ಕಾಲುಂಗುರ ನೋಡಿಕೊಂಡು ಒಬ್ಬಳೇ ನಕ್ಕೆ. ಶಾಲೆಯ ದಿನಗಳಿಂದ ಡೈರಿಯನ್ನು ಇಂಗ್ಲಿಷಿನಲ್ಲೇ ಬರೆದವಳು ನಾನು. ಆದರೆ ನಂದನನ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ನೋಡಿದರೆ ಅವನು ಬೇರೆ ಯಾರದೋ ಗಂಡನಂತೆ ಕಂಡ. ಹರಿದು ಹಾಕಿದೆ. ಇನ್ನು ಮೇಲೆ ಕನ್ನಡವೇ. ಕಾಗುಣಿತ ತಪ್ಪಿದರೆ ತಪ್ಪಲಿ, ಓದುವವಳು ನಾನೊಬ್ಬಳೇ.

ಮೊದಲು ಇದನ್ನು ಬರೆದಿಡಬೇಕು. ಮಂಗಳಸೂತ್ರ ಕಟ್ಟುವಾಗ ಅವನ ಕೈ ನಡುಗುತ್ತಿತ್ತು! ಎಷ್ಟೆಂದರೆ ಗಂಟು ಬೀಳಲೇ ಇಲ್ಲ, ಕೊನೆಗೆ ಅವನ ತಂಗಿ ಸಮೃದ್ಧಿ ಹಿಂದಿನಿಂದ ಕೈಹಾಕಿ ಬಿಗಿದಳು. ಭಟ್ಟರು "ಮಾಣಿಗೆ ಹೊಗೆ ಜಾಸ್ತಿ ಆತು" ಎಂದರು. ಹೊಗೆಯಲ್ಲ ಭಟ್ಟರೇ, ಪ್ರೀತಿ!

ನಾನು ಅವನನ್ನು ಒಪ್ಪಿದ್ದು ಪುಟ್ಟತ್ತೆಯಿಂದ. ಸೆಪ್ಟೆಂಬರಿನಲ್ಲಿ ಅಪ್ಪ, ಅಮ್ಮ, ನಾನು ಸಿದ್ದಾಪುರದಿಂದ ಈ ಮನೆ ನೋಡಲು ಬಂದಿದ್ದೆವು. ಜಗಲಿಯಲ್ಲಿ ಕೂತಾಗ ಕುಡಿಯಲು ಏನು ಕೊಡಲೆಂದು ನಂದನನ ಅಮ್ಮ ದೇವಕಿ ಅತ್ತೆ "ಆಸ್ರಿಗೆ ಎಂತ ಅಡ್ಡಿಲ್ಲೆ? ಕಷಾಯ ಆಗ್ತಾ?" ಎಂದು ಕೇಳಿ, ಒಳಗೆ ಹೋಗದೆ ಅಲ್ಲೇ ಕೂತರು. ನಾವು ಮುಖ ಮುಖ ನೋಡಿಕೊಂಡೆವು. ಆಗ ನಡುಮನೆಯ ಹೊಸ್ತಿಲಿನ ಕಡೆಯಿಂದ ಟಿಕ್ ಟಿಕ್ ಟಿಕ್ ಎಂದು ಸದ್ದು. ಒಂದೂವರೆ ಅಡಿ ಎತ್ತರದ ಮರದ ಹೆಂಗಸು, ನಂದನ ಮಾಡಿದ ಗೊಂಬೆ ಪುಟ್ಟತ್ತೆ! ಕೆಂಪು ಸೀರೆ, ಮೂಗಿನಲ್ಲಿ ನತ್ತು, ಎರಡೂ ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಹಬೆಯಾಡುವ ಕಷಾಯದ ಲೋಟ. ನೇರ ನನ್ನ ಮುಂದೆಯೇ ಬಂತು. ಲೋಟ ಎತ್ತಿದೆ, ನಿಂತಿತು. ಕುಡಿದು ಲೋಟ ಇಟ್ಟೆ, ತಿರುಗಿ ಟಿಕ್ ಟಿಕ್ ಎನ್ನುತ್ತ ಒಳಗೆ ಹೋಯಿತು! ತನ್ನ ಸರದಿ ಬಂದಾಗ ಅಪ್ಪ ಎಷ್ಟು ನಕ್ಕರೆಂದರೆ ಕಷಾಯ ನೆತ್ತಿಗೇರಿತು. ಅತ್ತೆ ಹೇಳಿದರು, "ನಮ್ಮನೇಲಿ ಆಸ್ರಿ ತಗಂಡು ಬಪ್ಪದು ಇದೇಯ. ಇದು ನಮ್ಮನೆ ಪದ್ಧತಿ."

ನಂದನ ಬಾಗಿಲಿಗೆ ಒರಗಿ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು, ಹೀರೋ ತರಹ ನಿಂತು ನೋಡುತ್ತಿದ್ದ. ಆ ಕ್ಷಣವೇ ಮನಸ್ಸಿನಲ್ಲಿ ಯೆಸ್ ಎಂದೆ.

ಡಿಸೆಂಬರ್ 17

ನನ್ನ ಗಂಡನ ಕೋಣೆ ಒಂದು ಮ್ಯೂಸಿಯಂ! ಅವನ ಕೆಲಸ ಅಡಿಕೆ ಸುಲಿಯುವ ಯಂತ್ರಗಳ ಸರ್ವೀಸು. ಮನೆಗೆ ಬಂದರೆ ಹಳೆಯ ಗಡಿಯಾರ, ಹೊಲಿಗೆ ಯಂತ್ರ, ಸುಲಿಯುವ ಯಂತ್ರದ ಸವೆದ ಬೇರಿಂಗು ಎಲ್ಲ ಬಿಚ್ಚಿ ಗೊಂಬೆ ಮಾಡುತ್ತಾನೆ. ಹಿಡಿ ತಿರುವಿದರೆ ಕರು ನೆಕ್ಕುವ ಹಸು. ಮೆಣಸಿನ ಬಳ್ಳಿ ಹತ್ತಿ ಜಾರಿ ಬೀಳುವ ಮಂಗ. ರೆಕ್ಕೆ ಬಡಿಯುವ ಮರದ ಹಕ್ಕಿ. ಹಕ್ಕಿ ಇನ್ನೂ ಮುಗಿದಿಲ್ಲ.

"ಇದ್ರಲ್ಲಿ ನಿಂಗೆ ಅಷ್ಟ್ ಎಂತ ಮಜ?" ಎಂದು ಕೇಳಿದೆ.

ಅವನು ತುಂಬ ಹೊತ್ತು ಯೋಚಿಸಿದ. ನಿಧಾನವಾಗಿ ಮಾತಾಡುತ್ತಾನೆ, ಒಂದೊಂದು ಶಬ್ದವನ್ನೂ ತೂಕ ಮಾಡಿದಂತೆ. ಎಷ್ಟು ಗಂಭೀರ! "ಮನ್ಷ್ಯರ ಒಳಗೆ ಎಂತ ಹಾಳಾಜು ಹೇಳಿ ಕಾಣ್ತಿಲ್ಲೆ. ಇದ್ರ ಬೆನ್ನಿನ ಹಲಗೆ ತೆಗೆದ್ರೆ ಎಲ್ಲಾ ಕಾಣ್ತು. ಯಾವ ಹಲ್ಲು ಮುರಿದ್ರೆ ಯಾವ ಕೈ ನಿಲ್ತು ಹೇಳಿ ಗೊತ್ತಾಗ್ತು. ಸುಳ್ಳು ಹೇಳಲೆ ಬತ್ತಿಲ್ಲೆ ಇದಕ್ಕೆ."

ಆಮೇಲೆ ಸಣ್ಣ ಸ್ಕ್ರೂ ಒಂದನ್ನು ನನ್ನ ಕೈಗೆ ಕೊಟ್ಟು, "ನೀ ಹಾಕು. ನಿನ್ನ ಬೆರಳು ಸಪೂರ ಇದ್ದು" ಎಂದ. ಹಾಕಿದೆ! ಇನ್ನೊಂದು ಕೊಟ್ಟ. ಅದನ್ನೂ ಹಾಕಿದೆ! ಹದಿನೈದು ಸ್ಕ್ರೂ. ಯಾವ ಗಂಡ ತನ್ನ ಆಟದ ಸಾಮಾನನ್ನು ಹೆಂಡತಿಗೆ ಹೀಗೆ ಕೊಡುತ್ತಾನೆ?

ಅತ್ತೆ ನನಗೆ ಒಂದು ಜವಾಬ್ದಾರಿ ಕೊಟ್ಟಿದ್ದಾರೆ. ತಾಮ್ರದ ಚೊಂಬಿನಲ್ಲಿ ಹಿಂದಿನ ದಿನವೇ ನೀರು ತುಂಬಿಟ್ಟು ಬೆಳಿಗ್ಗೆ ಅವನಿಗೆ ಖಾಲಿ ಹೊಟ್ಟೆಯಲ್ಲಿ ಕುಡಿಸುವುದು. "ನರಕ್ಕೆ ಒಳ್ಳೇದು ತಂಗಿ. ಎರಡು ವರ್ಷದಿಂದ ಬಿಡದ್ದೆ ಕೊಟ್ಟಿದ್ದಿ. ಇನ್ನು ನಿಂದು." ನಾನು ಒಂದರ ಬದಲು ಎರಡು ಚೊಂಬು ಕುಡಿಸುತ್ತೇನೆ. ಜೊತೆಗೆ ಅಮ್ಮ ಕಳಿಸಿದ ಗೋಡಂಬಿ ಒಂದು ಹಿಡಿ. ನನ್ನ ಗಂಡ ಗಟ್ಟಿಯಾಗಿರಬೇಕು!

ಜಗಲಿಯ ಗೋಡೆಯಲ್ಲಿ ಒಂದು ಹುಡುಗನ ಫೋಟೋ ಇದೆ. ನಂದನನ ಅಣ್ಣ ಚಿರಂತನ, ಹನ್ನೆರಡನೇ ವಯಸ್ಸಿನಲ್ಲಿ ಕಾಮಾಲೆಯಾಗಿ ಹೋದನಂತೆ. ಸಮೃದ್ಧಿ ಹೇಳಿದಳು. ಅತ್ತೆ ಆ ವಿಷಯ ಮಾತಾಡುವುದಿಲ್ಲ. ಸಮೃದ್ಧಿಗೆ ಇಪ್ಪತ್ತಮೂರು, ನನಗಿಂತ ಎರಡೇ ವರ್ಷ ಚಿಕ್ಕವಳು, ಆಗಲೇ ನನ್ನ ಬೆಸ್ಟ್ ಫ್ರೆಂಡ್. ಅವಳು ಅಂಗಳದಲ್ಲಿ ಹಾಕುವ ರಂಗೋಲಿಯ ಗೆರೆ ಸ್ಕೇಲು ಹಿಡಿದು ಎಳೆದಂತಿರುತ್ತದೆ.

ಜನವರಿ 9, 2025

ಇವತ್ತು ಮಂಚಿಕೇರಿಗೆ ಸರ್ವೀಸಿಗೆ ಹೋದೆವು, ಜೋಡಿಯಾಗಿ! ಸ್ಕೂಟರ್ ನಾನೇ ಓಡಿಸಿದೆ. "ನೀನೇ ಓಡಿಸು, ನಂಗೆ ಹಿಂದೆ ಕೂತ್ಗಂಬದು ಖುಷಿ" ಎಂದ. ನನ್ನ ಡ್ರೈವಿಂಗ್ ಮೇಲೆ ಎಷ್ಟು ನಂಬಿಕೆ!

ಅಲ್ಲಿ ಯಂತ್ರ ನೋಡಿಕೊಳ್ಳುವ ಮಂಜ ಎಂಬವನು ಬಲು ತಮಾಷೆಯವನು. ನಂದನ ಪಕ್ಕದಲ್ಲಿ ನಿಂತು ಹೇಳುತ್ತಿದ್ದ, ನಾನು ಸ್ಪ್ಯಾನರ್ ಹಿಡಿದು ಬಿಚ್ಚುತ್ತಿದ್ದೆ.

"ಏನ್ರೀ ಹೆಗಡೇರೆ, ಹೆಂಡ್ತಿ ಕೈಲಿ ನಟ್ ಬಿಚ್ಚಿಸ್ತ್ರಲ್ಲ! ನೀವೇನು ಬರೀ ಫೋಟೋಕ್ಕೆ ನಿಂತ್ಕಣಾಕೆ ಬಂದದ್ದಾ?"

ನಂದನ ಏನೋ ಉತ್ತರ ಕೊಟ್ಟ. ಮಂಜನಿಗೆ ತಿಳಿಯಲಿಲ್ಲ. "ಏನಂದ್ರಿ? ಬಾಯಲ್ಲಿ ಎಲೆಅಡಿಕೆ ಕವಳ ಐತಾ? ಇಲ್ಲ, ಬೆಳಿಗ್ಗೇನೇ ಒಂದು ಏರ್‍ಸಿ ಬಂದ್ರಾ?"

ನಾನು ದಾರಿಯುದ್ದಕ್ಕೂ ನಗುತ್ತ ಬಂದೆ. ನಂದನ ನಗಲಿಲ್ಲ. ಮನೆಗೆ ಬಂದು ಮಂಗನ ಗೊಂಬೆಯ ಹಿಡಿಯನ್ನು ಸುಮ್ಮನೆ ತಿರುವುತ್ತ ಕೂತ. ಮಂಗ ಹತ್ತಿತು, ಬಿತ್ತು, ಹತ್ತಿತು, ಬಿತ್ತು. ಪಾಪ, ಮಂಜನ ಮಾತು ಬೇಜಾರಾಗಿರಬೇಕು. ಎರಡು ಹೋಳಿಗೆ ಹೆಚ್ಚು ಬಡಿಸಿದೆ.

ಜನವರಿ 26

ಅವನ ಕಣ್ಣು! ನಾನು ಇಷ್ಟು ದಿನ ಸರಿಯಾಗಿ ನೋಡಿರಲೇ ಇಲ್ಲ! ಹಲ್ಲುಚಕ್ರಗಳ ಫೋಟೋ ತೆಗೆಯಲೆಂದು ಅವನ ಮೊಬೈಲಿಗೆ ಸಿಕ್ಕಿಸುವ ಸಣ್ಣ ಲೆನ್ಸ್ ಇದೆ. ಇವತ್ತು ಕಿಟಕಿಯ ಹತ್ತಿರ ಕೂರಿಸಿ ಅವನ ಕಣ್ಣಿನದೇ ಫೋಟೋ ತೆಗೆದೆ. ಕಪ್ಪು ಗುಡ್ಡೆಯ ಅಂಚಿನ ಸುತ್ತ ಜೇನಿನ ಬಣ್ಣದ ಉಂಗುರ! ಗಡಿಯಾರದ ಹಿತ್ತಾಳೆ ಕಟ್ಟಿನ ಹಾಗೆ, ದುಂಡಗೆ, ಹೊಳೆಯುತ್ತ. ಭಗವಂತ ಇವನನ್ನೂ ಲೇತಿನಲ್ಲಿ ಕಡೆದನೇ?

ಅವನಿರುವ, ಈಗ ನನ್ನನ್ನೂ ಸೇರಿಸಿರುವ, ಗೊಂಬೆ ಮಾಡುವ ಹವ್ಯಾಸಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ರಾಜ್ಯದ ಮೂಲೆ ಮೂಲೆಯ ಎಂಬತ್ತು ಜನ ಇದ್ದಾರೆ. ಕೆಳಗೆ ಬರೆದೆ: "ನನ್ನ ಗಂಡನ ಅತ್ಯುತ್ತಮ ಬಿಡಿಭಾಗ." ಹೃದಯಗಳೋ ಹೃದಯಗಳು!

ಜನವರಿ 27

ಗ್ರೂಪಿನ ರವೀಂದ್ರ ಎಂಬವರು ನನಗೊಬ್ಬಳಿಗೇ ಬರೆದಿದ್ದಾರೆ. ಕೀಲಿ ಕೊಡುವ ರೈಲು ಸಂಗ್ರಹಿಸುವವರು. ವೃತ್ತಿಯಿಂದ ಕಣ್ಣಿನ ಡಾಕ್ಟರಂತೆ, ನನಗೆ ಗೊತ್ತಿರಲಿಲ್ಲ. "ಆ ಫೋಟೋಗೆ ಬಣ್ಣ ಏನಾದರೂ ಸೇರಿಸಿದ್ದೀರಾ? ಇಲ್ಲವಾದರೆ ದಯವಿಟ್ಟು ಹೇಳಿ, ನಿಮ್ಮವರಿಗೆ ಕೈ ನಡುಗುತ್ತದೆಯೇ?"

ನಾನು ಹೌದೆಂದು ಬರೆದೆ. ಮದುವೆ ದಿನದ ಕಥೆಯನ್ನೂ ಬರೆದು ನಗುವ ಮುಖ ಹಾಕಿದೆ.

ಅವರು ತಿರುಗಿ ನಗಲಿಲ್ಲ. ಈ ವಾರವೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಂದರು.

ಜನವರಿ 31

ನಂದನ, ಅತ್ತೆ, ನಾನು ಹುಬ್ಬಳ್ಳಿಯಿಂದ ಈಗ ಬಂದೆವು. ಕ್ರಮವಾಗಿ ಬರೆಯುತ್ತೇನೆ.

ರವೀಂದ್ರ ಅವರು ಹೇಳಿ ಕಳಿಸಿದ ನರದ ಡಾಕ್ಟರು ವಯಸ್ಸಾದವರು. "ಬರ್ರಿ, ಕೂಡ್ರಿ. ಕೈ ಯಾವಾಗಿಂದ ನಡಗತಾವ?"

"ಮದುವೆ ದಿನದಿಂದ" ಎಂದೆ ನಾನು.

ನಂದನ ನೆಲ ನೋಡುತ್ತ, "ಎರಡು ವರ್ಷ ಆಯ್ತು" ಎಂದ.

ಅತ್ತೆ ಸೆರಗಿನ ತುದಿ ಸುತ್ತುತ್ತಿದ್ದರು.

ಎರಡೂ ಮೊಣಕೈ ಮಡಚಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಲು ಹೇಳಿದರು. ಹಿಡಿದ. ತೋಳು ಭುಜದಿಂದಲೇ ಮೇಲೆ ಕೆಳಗೆ ಬಡಿದುಕೊಳ್ಳತೊಡಗಿತು, ಅವನದೇ ಕೋಣೆಯ ಮರದ ಹಕ್ಕಿಯ ಹಾಗೆ. ಅವನು ನಿಲ್ಲಿಸಲು ನೋಡುತ್ತಿದ್ದ. ನಿಲ್ಲುತ್ತಿರಲಿಲ್ಲ.

"ಮನ್ಯಾಗ ಮತ್ತ ಯಾರಿಗರ ಲಿವರಿಂದು ತ್ರಾಸ ಇತ್ತೇನ್ರಿ? ಸಣ್ಣ ವಯಸ್ಸಿನ್ಯಾಗ ತೀರಿಕೊಂಡವರು?"

"ಇಲ್ಲ" ಎಂದರು ಅತ್ತೆ.

ನಾನು ಹೇಳಿಬಿಟ್ಟೆ. "ಇದ್ದ. ಚಿರಂತನ. ಹನ್ನೆರಡು ವರ್ಷ. ಕಾಮಾಲೆ." ಅತ್ತೆ ನನ್ನ ಕಡೆ ತಿರುಗಿ ನೋಡಿದರು, ಕೆನ್ನೆಗೆ ಹೊಡೆದವಳನ್ನು ನೋಡುವ ಹಾಗೆ.

ರಕ್ತ, ಮೂತ್ರ, ಸ್ಕ್ಯಾನು ಎಲ್ಲ ಆದ ಮೇಲೆ ಹೇಳಿದರು. ಹುಟ್ಟಿನಿಂದ ಬರುವ ಕಾಯಿಲೆ. ಊಟದಲ್ಲಿರುವ ತಾಮ್ರ ಉಳಿದವರ ಮೈಯಿಂದ ಹೊರಗೆ ಹೋಗುತ್ತದೆ, ಇವನ ಮೈಯಿಂದ ಹೋಗುವುದಿಲ್ಲ. ಮೊದಲು ಲಿವರಿನಲ್ಲಿ ತುಂಬುತ್ತದೆ, ಆಮೇಲೆ ಮಿದುಳಿನಲ್ಲಿ, ಕಣ್ಣಿನಲ್ಲಿ. ಆ ಉಂಗುರ ತಾಮ್ರ.

"ಗೋಡಂಬಿ, ಚಾಕ್ಲೇಟು, ಅಣಬಿ ಕೊಡಬ್ಯಾಡ್ರಿ. ತಾಮ್ರದ ಕೊಡದ ನೀರಂತೂ ಮುಟ್ಟಸಬ್ಯಾಡ್ರಿ."

ದಿನಕ್ಕೆ ಎರಡು ಚೊಂಬು. ಐವತ್ತು ದಿನ.

"ನೀರಿಂದ ಬಂದದ್ದಲ್ಲವ್ವ ಇದು" ಎಂದರು ಡಾಕ್ಟರು, ನನ್ನ ಮುಖ ನೋಡಿ. "ಎರಡು ವರ್ಷದ ಹಿಂದ ಬಂದಿದ್ರ ಚಲೋ ಇತ್ತು. ಈಗ ಗುಳಿಗಿ ಚಾಲೂ ಮಾಡೂಣು. ಮೊದಲ ಕೆಲವು ವಾರ ಇನ್ನೂ ಬಿಗಡಾಯಸಬಹುದು, ಅಂಜಬ್ಯಾಡ್ರಿ. ಮತ್ತ ತಂಗಿ ಇದ್ದಾಳಂದ್ರಿ. ಆಕೀನ್ನ ಲಗೂನ ಕರಕೊಂಡ್ ಬರ್ರಿ. ಆಕಿಗೆ ಇದ್ರೂ ಈಗ ಗುಳಿಗಿ ಕೊಟ್ರ ಜೀವಮಾನ ಏನೂ ಆಗೂದಿಲ್ಲ. ತಡಾ ಮಾಡಿದ್ರ ಇವರಂಗ."

ಬಸ್ಸಿನಲ್ಲಿ ಕೂತು ನನ್ನ ಮೊಬೈಲಿಗೆ ಗುಳಿಗೆಯ ಅಲಾರಂ ಹಾಕಿಕೊಂಡೆ.

ಫೆಬ್ರವರಿ 1

ಚೊಂಬನ್ನು ಅಟ್ಟಕ್ಕೆ ಹಾಕಿದೆ. ಇನ್ನೇನೂ ಬರೆಯುವುದಿಲ್ಲ.

ಫೆಬ್ರವರಿ 3

ಕೇಳಿದೆ. "ನಿಂಗೆ ಗೊತ್ತಿದ್ದಿತ್ತಾ?"

ಕೋಣೆಯಲ್ಲಿ ಪುಟ್ಟತ್ತೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. "ಕಾಯಿಲೆ ಹೆಸ್ರು ಗೊತ್ತಿತ್ತಿಲ್ಲೆ. ಕೈ ಗೊತ್ತಿತ್ತು."

"ಮತ್ತೆ ನಂಗೆ ಎಂತಕ್ಕೆ ಹೇಳಿದ್ದಿಲ್ಲೆ?"

ಅವನು ಗೊಂಬೆಯ ಬೆನ್ನಿನ ಹಲಗೆ ತೆಗೆದು ತೋರಿಸಿದ. ಚಕ್ರಗಳಲ್ಲಿ ಎರಡು ಬಗೆ. ಕೆಲವು ಹಳೆಯವು, ಮಾಸಿದವು. ಕೈಯ ಕೆಳಗಿನ ಐದು ಹೊಸತು.

"ಇದನ್ನ ಮೊದಲು ಬರೀ ನಡೆಯ ಗೊಂಬೆ ಹೇಳಿ ಮಾಡಿದ್ದಿ. ತಟ್ಟೆ ಹಾಕಿದ್ದು ನೀವು ಬಪ್ಪದಕ್ಕೆ ಎರಡು ತಿಂಗಳು ಮೊದ್ಲು. ಅದ್ರ ಹಿಂದೆ ಎರಡು ಕಡೆಯವು ನೋಡಲೆ ಬಂದಿದ್ದ. ಆನು ಲೋಟ ಹಿಡ್ಕಂಡು ಬಂದಿ. ಜಗಲಿ ಪೂರಾ ಚೆಲ್ಲಿತು. ಅವು ತಿರುಗಿ ಫೋನ್ ಮಾಡಿದ್ವಿಲ್ಲೆ." ಉಸಿರು ತೆಗೆದುಕೊಂಡ. "ಆಯಿ ಹೇಳ್ಚು, ನಿನ್ನ ಗೊಂಬೆ ಕೈಲಾದ್ರೂ ತರಿಸು ಹೇಳಿ."

ಆ ದಿನ ಅವನ ಎರಡೂ ಕೈ ಜೇಬಿನಲ್ಲಿದ್ದವು.

ನಾನು ಬ್ಯಾಗು ತುಂಬಿಕೊಂಡು ಸಿದ್ದಾಪುರದ ಬಸ್ಸು ಹತ್ತಿದೆ.

ಫೆಬ್ರವರಿ 7, ಸಿದ್ದಾಪುರ

ಅಪ್ಪ ಊಟ ಬಿಟ್ಟಿದ್ದಾರೆ. "ಆನು ನಕ್ಕಿದ್ದಲೆ ಅವತ್ತು. ಆ ಗೊಂಬೆ ನೋಡಿ ನೆಗ್ಯಾಡಿ ನೆಗ್ಯಾಡಿ ಮಗಳ ಕೊಟ್ಟಿದ್ದಿ" ಎನ್ನುತ್ತಾರೆ. ಅಮ್ಮ, "ಇಲ್ಲೇ ಇದ್ದುಬಿಡು ಅಭಿಜ್ಞಾ, ಯಾರೂ ಎಂತದೂ ಹೇಳ್ತ್ವಿಲ್ಲೆ" ಎನ್ನುತ್ತಾಳೆ.

ನನ್ನ ಮೊಬೈಲಿನಲ್ಲಿ ಅವನ ಗುಳಿಗೆಯ ಅಲಾರಂ ಇದೆ. ಊಟಕ್ಕೆ ಒಂದು ತಾಸು ಮೊದಲು, ದಿನಕ್ಕೆ ಮೂರು ಸಲ. ಇಲ್ಲೂ ಹೊಡೆಯುತ್ತದೆ. ಹೊಡೆದಾಗಲೆಲ್ಲ ನಾನು ಎದ್ದು ನಿಲ್ಲುತ್ತೇನೆ.

ಫೆಬ್ರವರಿ 10, ಶಿರಸಿ

ಬಂದುಬಿಟ್ಟೆ. ಅಂಗಳದಲ್ಲಿ ಸಮೃದ್ಧಿ ನನ್ನನ್ನು ಕಂಡು ರಂಗೋಲಿ ಪುಡಿಯ ಕೈಯಲ್ಲೇ ತಬ್ಬಿಕೊಂಡು ಅತ್ತಳು.

ಈ ಪುಟದಲ್ಲಿ ಗಟ್ಟಿಯಾಗಿ ಬರೆದಿಡುತ್ತೇನೆ. ನನಗೆ ಮಾಡಿದ್ದನ್ನು ನಾನು ಯಾರಿಗೂ ಮಾಡುವುದಿಲ್ಲ. ಯಾರಿಗೂ! ಮತ್ತು ಬರುವ ಸೋಮವಾರ ಸಮೃದ್ಧಿಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತೇನೆ, ಅತ್ತೆ ಏನೇ ಹೇಳಲಿ.

ಫೆಬ್ರವರಿ 17

ಇವತ್ತು ಸೋಮವಾರ, ಹುಬ್ಬಳ್ಳಿಗೆ ಹೋಗಲಾಗಲಿಲ್ಲ. ನಂದನನಿಗೆ ಎರಡು ದಿನದಿಂದ ನುಂಗಲು ಕಷ್ಟ. ಗಂಜಿ ಕೂಡ ಮೂಗಿಗೆ ಬರುತ್ತದೆ. ಫೋನಿನಲ್ಲಿ ಡಾಕ್ಟರು ಇದನ್ನೇ ಹೇಳಿದ್ದೆ ಎಂದರು. ಮುಂದಿನ ಸೋಮವಾರ.

ಮಾರ್ಚ್ 11

ಹೋಳಿ ಹಬ್ಬಕ್ಕೆ ಬೇಡರ ವೇಷ ಕುಣಿಯುವವರು ಸಂಜೆ ಬೀದಿಯಲ್ಲಿ ತಾಲೀಮು ಮಾಡುತ್ತಿದ್ದರು. ತಮಟೆಯ ಸದ್ದು ಜೋರಾಯಿತು. ನಂದನ ಬೆಚ್ಚಿದ. ತೋಳು ಒಮ್ಮೆಲೇ ಚಿಮ್ಮಿ ಮೇಜಿನ ಮೇಲಿದ್ದ ಪುಟ್ಟತ್ತೆಗೆ ಬಡಿಯಿತು.

ಎಡಗೈ ಮುರಿದಿದೆ. ಮುಖ್ಯ ಚಕ್ರದ ಹಲ್ಲು ಮೂರು ಹೋಗಿವೆ. ಸ್ಪ್ರಿಂಗು ಬಿಚ್ಚಿಕೊಂಡಿದೆ.

ಅವನು ಚೂರುಗಳನ್ನು ಹೆಕ್ಕಲು ಬಗ್ಗಿದ. ಬೆರಳು ಹತ್ತಿರ ಹೋಗುತ್ತದೆ, ದಾಟಿ ಹೋಗುತ್ತದೆ. ನಾನು ಹೆಕ್ಕಿ ಸ್ಟೀಲಿನ ಡಬ್ಬಿಗೆ ಹಾಕಿದೆ. ಇಪ್ಪತ್ತೆರಡು ಚೂರು.

ಅವನ ಬಾಯಿ ಒಂದು ಕಡೆಗೆ ಎಳೆದುಕೊಂಡು ನಗು ನಿಂತುಬಿಟ್ಟಿದೆ. ಅಳುವಾಗಲೂ ನಗುತ್ತಿರುತ್ತಾನೆ. ಇವತ್ತು ಅಳುತ್ತಿದ್ದ.

ಮಾರ್ಚ್ 19

ಸಮೃದ್ಧಿಗೆ ಸಂಬಂಧ ಬಂದಿದೆ. ತುಷಾರ ಎಂಬ ಹುಡುಗ, ಯಲ್ಲಾಪುರದ ಹತ್ತಿರ, ಮಾಗೋಡು ಜಲಪಾತಕ್ಕೆ ಹೋಗುವ ದಾರಿಯಲ್ಲಿ ಹೋಂಸ್ಟೇ ನಡೆಸುತ್ತಾನೆ. ನಮ್ಮ ಮದುವೆಯಲ್ಲಿ ಬಡಿಸಲು ನಿಂತವನು, ಅಲ್ಲೇ ಇವಳನ್ನು ನೋಡಿದ್ದು. ಸಮೃದ್ಧಿ ಅವನ ಮೆಸೇಜು ಓದಿ ಕಂಬದ ಹಿಂದೆ ನಿಂತು ನಗುತ್ತಾಳೆ. ಡಿಸೆಂಬರಿನ ನನ್ನ ಹಾಗೆ.

ಅಡುಗೆಮನೆಯಲ್ಲಿ ಅತ್ತೆಗೆ ಹೇಳಿದೆ, ಮೊದಲು ಪರೀಕ್ಷೆ ಆಗಲಿ, ಆಮೇಲೆ ಹುಡುಗ ಬರಲಿ ಎಂದು.

"ಪರೀಕ್ಷೆ ಮಾಡ್ಸಿರೆ ಊರಿಗೆಲ್ಲ ಗೊತ್ತಾಗ್ತು. ಹುಬ್ಬಳ್ಳಿಗೆ ಹೋಪ ಬಸ್ಸಲ್ಲಿ ಅರ್ಧ ನಮ್ಮೋರೇ ಇರ್ತ. ಮದ್ವೆ ಒಂದು ಆಗ್ಲಿ ತಂಗಿ. ಮಾರನೇ ದಿನ ಬೇಕಾರೂ ಮಾಡ್ಸು."

"ತಡ ಮಾಡ್ಲಾಗ ಹೇಳಿ ಡಾಕ್ಟ್ರು..."

"ಆನು ಒಬ್ಬನ ಕಳಕಂಡಿದ್ದಿ. ಇನ್ನೊಬ್ಬನ ದಿನಾ ನೋಡ್ತಾ ಇದ್ದಿ. ಒಂದಾದ್ರೂ ಈ ಮನೆ ದಾಟಿ ಹೋಗ್ಲಿ." ಒಲೆಯ ಕಡೆ ತಿರುಗಿದರು.

ಸಮೃದ್ಧಿಯನ್ನೇ ಕೇಳಿದೆ. ನನ್ನ ಎರಡೂ ಕೈ ಹಿಡಿದುಕೊಂಡಳು. "ಅತ್ತಿಗೆ, ನಂಗೆ ಎಂತದೂ ಆಜಿಲ್ಲೆ. ಅವು ಬಂದು ನೋಡ್ಕಂಡು ಹೋಗ್ಲಿ, ಒಂದೂವರೆ ತಿಂಗಳು. ಪ್ಲೀಸ್."

ಒಂದೂವರೆ ತಿಂಗಳು ದೊಡ್ಡ ಸಮಯವೇನಲ್ಲ. ಯೋಚಿಸುತ್ತೇನೆ.

ಮಾರ್ಚ್ 28

ಪುಟ್ಟತ್ತೆಯನ್ನು ನಾನೇ ರಿಪೇರಿ ಮಾಡುತ್ತಿದ್ದೇನೆ. ಕೈ ಸುಮ್ಮನಿದ್ದರೆ ತಲೆ ಓಡುತ್ತದೆ. ಅರ ಹಿಡಿದು ಹಿತ್ತಾಳೆಯ ಮೇಲೆ ಎಳೆಯುತ್ತಿದ್ದರೆ ಬೇರೆ ಏನೂ ಕೇಳಿಸುವುದಿಲ್ಲ.

ನಂದನ ಕುರ್ಚಿಯಲ್ಲಿ ಕೂತು ನೋಡುತ್ತಾನೆ. ತಪ್ಪಿದರೆ ಕಾಲಿನಿಂದ ನೆಲಕ್ಕೆ ಒಂದು ಸಲ ತಟ್ಟುತ್ತಾನೆ. ಸರಿಯಾದರೆ ಎರಡು ಸಲ. ಮಾತಿಗಿಂತ ಇದು ಸುಲಭ, ಇಬ್ಬರಿಗೂ.

ಮೊದಲ ಚಕ್ರ ಹಾಳಾಯಿತು. ಹಲ್ಲು ಮೂವತ್ತಾರು ಬೇಕು, ಮೂವತ್ತೈದೂವರೆ ಬಂತು. ಒಂದು ತಟ್ಟು.

ಏಪ್ರಿಲ್ 6

ಮೂರನೇ ಚಕ್ರ ಸರಿಯಾಯಿತು. ಎರಡು ತಟ್ಟು.

ಇದರ ರುಚಿ ಈಗ ತಿಳಿಯುತ್ತಿದೆ. ಹವ್ಯಾಸಿಗಳ ಗ್ರೂಪಿನಲ್ಲಿ ಎಂಬತ್ತು ಜನ ಯಾಕೆ ಊಟ ಬಿಟ್ಟು ಚಕ್ರ ಉಜ್ಜುತ್ತಾರೆಂದು ತಿಳಿಯುತ್ತಿದೆ. ಇದು ಬೇಡುವುದಿಲ್ಲ, ಅಳುವುದಿಲ್ಲ. ಹೇಳಿದ್ದನ್ನು ಮಾಡುತ್ತದೆ. ಮಾಡದಿದ್ದರೆ ತಪ್ಪು ಎಲ್ಲೋ ಒಂದು ಕಡೆ ಇರುತ್ತದೆ, ಹುಡುಕಿದರೆ ಸಿಗುತ್ತದೆ.

ರವೀಂದ್ರ ಡಾಕ್ಟರು ಮತ್ತೆ ಬರೆದಿದ್ದಾರೆ. "ತಂಗಿಯ ಪರೀಕ್ಷೆ ಆಯಿತೇ?" ಚಕ್ರದ ಫೋಟೋ ಕಳಿಸಿದೆ. ಚೆನ್ನಾಗಿದೆ ಎಂದರು. ತಂಗಿಯದೇನಾಯಿತು ಎಂದು ಮತ್ತೆ ಕೇಳಿದರು. ಉತ್ತರ ಬರೆಯಬೇಕು.

ಏಪ್ರಿಲ್ 18

ಎಡಗೈಗೆ ಶಿವನೆ ಮರವೇ ಬೇಕಿತ್ತು, ಸಿಕ್ಕಿತು. ಮೊಣಕೈ ಕೀಲು ನಾಲ್ಕು ಮಿಲಿಮೀಟರು. ಸ್ಪ್ರಿಂಗಿಗೆ ಹದಿನಾಲ್ಕು ಸುತ್ತು. ಏಳು ಅಡಿ ನಡೆಯುತ್ತದೆ. ಜಗಲಿಗೆ ಒಂಬತ್ತು ಬೇಕು.

ಸಮೃದ್ಧಿಯ ರಂಗೋಲಿ ಈಚೆಗೆ ಸ್ವಲ್ಪ ಅಂಕುಡೊಂಕು. ಅವಸರದಲ್ಲಿ ಹಾಕುತ್ತಾಳೆ, ಫೋನು ಬಂದರೆ ಓಡಬೇಕಲ್ಲ.

ಏಪ್ರಿಲ್ 27

ಒಂಬತ್ತು ಅಡಿ.

ಲೋಟ ತುಂಬಿಸಿ ಪರೀಕ್ಷೆ ಮಾಡಿದೆ. ಮೊದಲ ಸಲ ಎರಡು ಹನಿ ಚೆಲ್ಲಿತು. ತಟ್ಟೆಯ ಕೆಳಗೆ ಸೀಸದ ಸಣ್ಣ ತುಂಡು ಅಂಟಿಸಿದೆ. ಆಮೇಲೆ ಚೆಲ್ಲಲಿಲ್ಲ. ಹತ್ತು ಸಲ ಓಡಿಸಿದೆ, ಹತ್ತು ಸಲವೂ.

ಮಧ್ಯಾಹ್ನ ಸಮೃದ್ಧಿ ಮಜ್ಜಿಗೆ ತಂದುಕೊಟ್ಟಳು. ತಟ್ಟೆಯ ಮೇಲೆ ಲೋಟ ಕಟಕಟ ಸದ್ದು ಮಾಡುತ್ತಿತ್ತು. ನಂದನ ತಿರುಗಿ ನೋಡಿದ. ಅವಳನ್ನು, ಆಮೇಲೆ ನನ್ನನ್ನು. ಕಾಲಿನಿಂದ ನೆಲಕ್ಕೆ ತಟ್ಟಿದ. ಒಂದು ಸಲ. ಮತ್ತೆ ಒಂದು ಸಲ. ನಿಲ್ಲಿಸಲೇ ಇಲ್ಲ.

"ಆತು, ಆತು" ಎಂದೆ. "ಗೊತ್ತಾತು."

ಮೇ ನಾಲ್ಕಕ್ಕೆ ಅವರು ಬರುತ್ತಾರೆ. ಆಮೇಲೆ ಮೊದಲ ಕೆಲಸ ಹುಬ್ಬಳ್ಳಿ.

ಮೇ 4, ಭಾನುವಾರ

ಹತ್ತೂವರೆಗೆ ಬಂದರು. ತುಷಾರ, ಅವನ ಅಪ್ಪ, ಅಮ್ಮ. ಅದಕ್ಕೆ ಮೊದಲೇ ನಂದನನನ್ನು ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಎಳೆದುಕೊಂಡಿದ್ದೆ. ಅತ್ತೆ, "ಮಾಣಿ ದಾಸನಕೊಪ್ಪಕ್ಕೆ ಹೋಯ್ದ, ಮಿಷನ್ನು ಕೆಟ್ಟಿತ್ತಡ, ಅವಸರದ ಕೆಲಸ" ಎಂದರು. ನಾನು ತಲೆಯಾಡಿಸಿದೆ.

ಸಮೃದ್ಧಿ ನೀಲಿ ಸೀರೆ ಉಟ್ಟು ಕಿಟಕಿಯ ಪಕ್ಕ ಕೂತಿದ್ದಳು, ಎರಡೂ ಕೈ ಸೆರಗಿನ ಕೆಳಗೆ.

ತುಷಾರನ ಅಮ್ಮ ಒಳ್ಳೆಯ ಹೆಂಗಸು, ನಗುಮುಖ. "ಕೂಸೇ ಆಸ್ರಿ ತಗಂಡು ಬರ್ಲಿ ಅಕ್ಕಾ, ಅದ್ರ ಕೈಯಿಂದ್ಲೇ ಕುಡಿಯನ" ಎಂದರು. ಸಮೃದ್ಧಿ ಅಲುಗಲಿಲ್ಲ. ಅತ್ತೆ ನನ್ನ ಮುಖ ನೋಡಿದರು.

ನಾನು ಹೇಳಿದೆ, "ನಮ್ಮನೇಲಿ ಆಸ್ರಿ ತಗಂಡು ಬಪ್ಪವು ಬೇರೆಯವು ಇದ್ದ. ಇದು ನಮ್ಮನೆ ಪದ್ಧತಿ."

ಹೊಸ್ತಿಲ ಹಿಂದೆ ಹೋಗಿ ಹದಿನಾಲ್ಕು ಸುತ್ತು ಕೀಲಿ ಕೊಟ್ಟು ಬಿಟ್ಟೆ. ಟಿಕ್ ಟಿಕ್ ಟಿಕ್. ಕೆಂಪು ಸೀರೆಗೆ ಇಸ್ತ್ರಿ ಹಾಕಿದ್ದೆ. ನೇರ ತುಷಾರನ ಮುಂದೆ ಹೋಗಿ, ಅವನು ಲೋಟ ಎತ್ತಿದ ಕೂಡಲೇ ನಿಂತಿತು. ಅವನ ಅಪ್ಪ ಚಪ್ಪಾಳೆ ಹೊಡೆದರು. ತುಷಾರ ಗಟಗಟ ಕುಡಿದು, ಲೋಟ ಇಟ್ಟು, ಅದು ತಿರುಗುವುದನ್ನು ನೋಡಲು ನೆಲದ ಮೇಲೆ ಮಂಡಿಯೂರಿದ. "ಅಯ್ಯಯ್ಯೋ ಆಯಿ, ನೋಡು, ತಿರಗ್ಚು! ಹೋಗ್ತಾ ಇದ್ದು!" ಎಂದು ಮಗುವಿನ ಹಾಗೆ ಕೂಗಿದ. ಎಷ್ಟು ಒಳ್ಳೆಯ ಹುಡುಗ.

"ಅತ್ತಿಗೆ, ಇದ್ರ ಒಳಗೆ ಎಂತ ಇದ್ದು? ನೋಡ್ಲಕ್ಕಾ?"

ತೋರಿಸಿದೆ. ಸೀರೆ ಸರಿಸಿ ಬೆನ್ನಿನ ಹಲಗೆ ತೆಗೆದು ಒಂದೊಂದನ್ನೂ ತೋರಿಸಿದೆ. ಇದು ಸ್ಪ್ರಿಂಗು, ಇದು ಮೂವತ್ತಾರು ಹಲ್ಲಿನ ಚಕ್ರ, ಲೋಟದ ಭಾರ ಹೋದರೆ ಈ ಕೊಕ್ಕೆ ಬಿದ್ದು ಇದು ನಿಲ್ಲುತ್ತದೆ. ಏನನ್ನೂ ಬಿಡಲಿಲ್ಲ. ಅವನು ಪ್ರತಿಯೊಂದಕ್ಕೂ "ಹೌದಾ!" ಎನ್ನುತ್ತಿದ್ದ.

ಆಮೇಲೆ ಎದ್ದು ನಿಂತವನು ಸಮೃದ್ಧಿಯ ಕಡೆ ನೋಡಿದ. ಬೆಳಕು ಅವಳ ಮುಖದ ಮೇಲೆ ಬೀಳುತ್ತಿತ್ತು. ಎಲ್ಲರೆದುರು ಹೇಳಲು ನಾಚಿಕೆಯಾಗಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಅತ್ತಿಗೆ, ಸಮೃದ್ಧಿ ಕಣ್ಣು ನೋಡಿದ್ಯಾ? ಜೇನಿನ ಬಣ್ಣ."

ನಾನು ಹಲಗೆ ಮುಚ್ಚಿ ಸ್ಕ್ರೂ ಬಿಗಿದೆ. ನಾಲ್ಕು ಸ್ಕ್ರೂ.

ಒಪ್ಪಿಗೆಯಾಯಿತು. ಮದುವೆ ಜೂನ್ ಮೊದಲ ವಾರ. ಹೋಗುವಾಗ ತುಷಾರನ ಅಮ್ಮ ನನ್ನ ಗಲ್ಲ ಮುಟ್ಟಿ, "ಇಂಥ ಅತ್ತಿಗೆ ಇಪ್ಪ ಮನೆ ಕೂಸು, ಇನ್ನೆಂತ ಕೇಳದು" ಎಂದರು.

ಅವರು ಹೋದ ಮೇಲೆ ಒಳಕೋಣೆಯ ಬಾಗಿಲು ತೆಗೆದೆ. ನಂದನ ಬಾಗಿಲಿನ ಕಡೆಗೇ ಮುಖ ಮಾಡಿ ಕೂತಿದ್ದ. ಟಿಕ್ ಟಿಕ್ ಪೂರ್ತಿ ಕೇಳಿಸಿರಬೇಕು. ಏನೋ ಹೇಳಲು ತುಟಿ ಸೇರಿಸತೊಡಗಿದ. ತುಂಬ ಹೊತ್ತು ಹಿಡಿಯಿತು. ನಾನು ಕಾದೆ.

"ಹೇ...ಳಿದ್ಯಾ?"

"ಒಂದು ಹನಿನೂ ಚೆಲ್ಲಿದ್ದಿಲ್ಲೆ" ಎಂದೆ.

ಅವನು ಕಾಲು ಎತ್ತಿದ. ನೆಲಕ್ಕೆ ತಟ್ಟಲಿಲ್ಲ, ಹಾಗೇ ಇಳಿಸಿದ. ನಾನು ಅವನ ಗಲ್ಲ ಒರೆಸಿ ಗುಳಿಗೆ ಕೊಟ್ಟೆ. ನಗುತ್ತಿದ್ದ. ಈಗ ಅವನು ಯಾವಾಗಲೂ ನಗುತ್ತಿರುತ್ತಾನೆ.